ನಲವತ್ತೇಳನೆಯ ಬಿಲ್ಲೆ

ಪುಣೆಯ ಯೆರವಡಾದ ಜೈಲಿನ ಗೋಡೆಗೆ ಬೆನ್ನು ಕೊಟ್ಟಿರುವ ಓಣಿಯಲ್ಲಿ ಜನ ಹೇಳುವ ಮಾತಿದು: ಗೋಡೆಯ ಆಚೆಗಿನವರನ್ನು ಸರ್ಕಾರ ಎಣಿಸುತ್ತದೆ, ಈಚೆಗಿನವರನ್ನು ರುದ್ರವ್ವ ಎಣಿಸುತ್ತಾಳೆ.

ಮಾತು ಪೂರ್ತಿ ಸುಳ್ಳಲ್ಲ. ರುದ್ರವ್ವನ ಮಗಳು ನೀತಾಳ ಮನೆಯಲ್ಲಿ, ಬೇರೆಯವರು ಟಿವಿ ತೂಗುಹಾಕುವ ಗೋಡೆಯ ಮೇಲೆ, ಸಾಗುವಾನಿಯ ದೊಡ್ಡ ಹಲಗೆಯೊಂದಿತ್ತು. ಅದಕ್ಕೆ ಇನ್ನೂರ ಹನ್ನೆರಡು ಕೊಕ್ಕೆ, ಕೊಕ್ಕೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ಸಂಖ್ಯೆ. ಮನೆಯಿಂದ ಹೊರಗೆ ಹೋಗುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು. ತಿರುಗಿ ಬಂದಾಗ ರುದ್ರವ್ವನ ಕೈಗೆ ಕೊಡಬೇಕು. ನೀತಾಳದು ಎರಡು, ಅಳಿಯ ಸಿದ್ದಾರೂಢನದು ಮೂರು. ಪಕ್ಕದ ಮನೆಯ ರಂಗೂಬಾಯಿ ಈ ಮನೆಯವಳಲ್ಲದಿದ್ದರೂ ದಿನಕ್ಕೆ ಹತ್ತು ಸಲ ಬಂದುಹೋಗುತ್ತಿದ್ದುದರಿಂದ ಅವಳಿಗೂ ಒಂಬತ್ತನೆಯ ಬಿಲ್ಲೆ ಮಂಜೂರಾಗಿತ್ತು.

ಒಮ್ಮೆ ಸಿದ್ದಾರೂಢ ತನ್ನ ಬಿಲ್ಲೆಯನ್ನು ವಿಮಾನ ನಗರದ ಯಾವುದೋ ಕಟ್ಟಡದಲ್ಲಿ ಮರೆತು ಬಂದ. ಅವನ ಕೆಲಸ ಲಿಫ್ಟ್ ರಿಪೇರಿ. ಕೈಕಾಲು ತೊಳೆದು ತಾಟಿನ ಮುಂದೆ ಕುಳಿತವನನ್ನು ರುದ್ರವ್ವ ನೋಡಿದಳು, ಆಮೇಲೆ ಬೋರ್ಡನ್ನು ನೋಡಿದಳು.

"ಅಳಿಯಂದಿರು ಇನ್ನಾ ಬಂದಿಲ್ಲ," ಎಂದಳು ಮಗಳಿಗೆ.

"ಅವ್ವ, ಇಲ್ಲೇ ಕುಂತಾರಲ್ಲ. ನಿನಗ ಕಾಣಸವಲ್ರೇನು?"

"ನನಗ ಕಾಣಸ್ತಾರ. ಬೋರ್ಡಿಗೆ ಕಾಣಸವಲ್ರು. ರೊಟ್ಟಿ ಬೋರ್ಡು ನೋಡಿ ಹಾಕು."

ಸಿದ್ದಾರೂಢ ಸ್ಕೂಟರ್ ಹತ್ತಿ ಹೋಗಿ ಬಿಲ್ಲೆ ತಂದು ಅತ್ತೆಯ ಕೈಗಿಟ್ಟು ಊಟ ಮಾಡಿದ. ಲಿಫ್ಟ್ ರಿಪೇರಿಯವರಿಗೆ ತಾಳ್ಮೆ ಹೆಚ್ಚು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ ಬೈಗುಳ ಕೇಳಿ ಕೇಳಿ ಬಂದ ತಾಳ್ಮೆ ಅದು.

ರುದ್ರವ್ವ ರಾಯಚೂರು ಸೀಮೆಯ ಕೆಂಪಗುಡ್ಡದ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಗಂಡ ಭೀಮಣ್ಣ ಅದೇ ಗಣಿಯ ಕಾರ್ಮಿಕ. ಅವನು ತೀರಿಕೊಂಡ ಮೇಲೆ ಅವಳಿಗೆ ಕೆಲಸ ಸಿಕ್ಕಿತು ಎಂದು ಹೇಳಿದರೆ ಪುಣೆಯ ಜನ ದನಿ ತಗ್ಗಿಸಿ, ಸುರಂಗ ಕುಸಿಯಿತೇ ಎಂದು ಕೇಳುತ್ತಾರೆ. ಸುರಂಗ ಕುಸಿಯಲಿಲ್ಲ. ಎಂಟುನೂರು ಅಡಿ ಕೆಳಗೆ ಹನ್ನೊಂದು ವರ್ಷ ಮೈಗೆ ಒಂದು ಗೀರೂ ಬೀಳದೆ ದುಡಿದ ಭೀಮಣ್ಣ, ರಜೆಯ ದಿನ ಹುಣಸೆ ಮರ ಹತ್ತಿ ಬಿದ್ದು ಸತ್ತ. "ನೆಲದ ಮ್ಯಾಲಿನ ಕೆಲಸ ಅಂವಗ ತಿಳೀತಿದ್ದಿಲ್ಲ," ಎನ್ನುವುದು ಈ ವಿಷಯದಲ್ಲಿ ರುದ್ರವ್ವನ ಕೊನೆಯ ಮಾತು.

ಅವಳನ್ನು ಕೂರಿಸಿದ್ದು ಲ್ಯಾಂಪ್ ರೂಮಿನ ಕಿಟಕಿಯಲ್ಲಿ. ಶಿಫ್ಟಿಗೆ ಇಳಿಯುವವರು ಆ ಕಿಟಕಿಗೆ ಬಂದು ಹೆಲ್ಮೆಟ್ಟಿನ ದೀಪವನ್ನೂ ತಮ್ಮ ಸಂಖ್ಯೆಯ ಬಿಲ್ಲೆಯನ್ನೂ ಪಡೆಯಬೇಕು. ಕಡ್ಡಿಪೆಟ್ಟಿಗೆ, ಬೀಡಿ, ಕಾಲ ಬದಲಾದ ಮೇಲೆ ಮೊಬೈಲು, ಇವನ್ನು ಅಲ್ಲೇ ಒಪ್ಪಿಸಬೇಕು. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ನೆಲದ ಕೆಳಗಿದ್ದಾನೆ ಎಂದು ಅರ್ಥ. ಶಿಫ್ಟು ಮುಗಿದು ಎಲ್ಲ ಕೊಕ್ಕೆಗಳೂ ತುಂಬಿದ ಮೇಲೆ ಅವಳು ಗಂಟೆ ಬಾರಿಸುವಳು. ಗಂಟೆ ಕೇಳಿದ ಮೇಲೆಯೇ ಕೆಳಗೆ ಬಂಡೆಗೆ ತುಂಬಿದ ಮದ್ದನ್ನು ಹಾರಿಸುವುದು. ಒಂದೇ ಒಂದು ಕೊಕ್ಕೆ ಬರಿದಾಗಿದ್ದರೂ ಗಂಟೆಯಿಲ್ಲ, ಮದ್ದಿಲ್ಲ, ರುದ್ರವ್ವ ಮನೆಗೆ ಹೋಗುವಂತೆಯೂ ಇಲ್ಲ.

ಮೊದಲ ದಿನ ಅವಳಿಗೆ ಪಾಠ ಹೇಳಿದವನು ಗೂಳಪ್ಪ ಮೇಸ್ತ್ರಿ. ಪಾಠ ಉದ್ದವಿರಲಿಲ್ಲ.

"ಬಿಲ್ಲೆ ಅವರವರ ಕೈಲೇ ತಗೋ. ಒಬ್ಬನ ಬಿಲ್ಲೆ ಇನ್ನೊಬ್ಬ ತಂದು ಕೊಟ್ರ ಅದು ಬಿಲ್ಲೆ ಅಲ್ಲ, ಬರೇ ಹಿತ್ತಾಳಿ. ನಾನೇ ತಂದ್ರೂ ತಗೋಬ್ಯಾಡ."

"ತಗೊಂಡ್ರ?"

"ಕೊಟ್ಟಾಂವಗ ಮೂರ ದಿನ, ತಗೊಂಡಾಕಿಗೆ ಮೂರ ದಿನ."

ಮೂರು ದಿನ ಎಂದರೆ ಗೇಟಿನ ಹೊರಗೆ ಕಲ್ಲಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ, ಹೋಗಿ ಬರುವವರೆಲ್ಲ ನೋಡುವಂತೆ ಕೂರುವುದು. ಮೂವತ್ತೊಂದು ವರ್ಷಗಳಲ್ಲಿ ರುದ್ರವ್ವ ಹದಿನಾಲ್ಕು ಜನರನ್ನು ಆ ಬೆಂಚಿಗೆ ಕಳಿಸಿದಳು. ತಾನು ಒಮ್ಮೆಯೂ ಕೂರಲಿಲ್ಲ. ಊರಿನಲ್ಲಿ ಅವಳಿಗೆ ಹೊಲವಿರಲಿಲ್ಲ, ಮನೆಯಿರಲಿಲ್ಲ. ಇದ್ದದ್ದು ಈ ಲೆಕ್ಕ.

ಅವಳು ನಿವೃತ್ತಳಾದ ವರ್ಷವೇ ಗಣಿಗೆ ಕಂಪ್ಯೂಟರಿನ ಟ್ಯಾಗು ಬಂತು. ಹಳೆಯ ಬೋರ್ಡು ಗುಜರಿಗೆ ಹೊರಟಿತು. ರುದ್ರವ್ವ ಅದನ್ನು ತೂಕಕ್ಕೆ ಹಾಕಿಸಿ ಕೊಂಡು, ಪುಣೆಗೆ ಬರುತ್ತಿದ್ದ ಮೆಣಸಿನಕಾಯಿ ಲಾರಿಯಲ್ಲಿ ಹಾಕಿಕೊಂಡು ಮಗಳ ಮನೆಗೆ ಬಂದಿಳಿದಳು. ಒಂದು ತಿಂಗಳು ಬೋರ್ಡಿನ ಹತ್ತಿರ ಹೋದವರೆಲ್ಲ ಸೀನಿದರು.

*

ಬೋರ್ಡಿನ ಸುದ್ದಿ ವಿಮಾನ ನಗರದ ಒಂದು ಕಂಪನಿಗೆ ಮುಟ್ಟಿದ್ದು ಲಿಫ್ಟಿನ ಮೂಲಕ. ಅಲ್ಲಿಯ ಲಿಫ್ಟ್ ನೋಡಲು ಹೋಗಿದ್ದ ಸಿದ್ದಾರೂಢನ ಕಿವಿಗೆ ಮೈಸೂರಿನ ಕನ್ನಡದಲ್ಲಿ ಬೈಗುಳ ಬಿತ್ತು. ರಂಜಿನಿ ಎಂಬ ಇಂಜಿನಿಯರು ತನ್ನ ಲ್ಯಾಪ್‌ಟಾಪನ್ನು ಬೈಯುತ್ತಿದ್ದಳು.

"ಏನಾಗೇದ್ರಿ ಮೇಡಂ?"

"ಅಯ್ಯೋ, ನೀವು ಕನ್ನಡದವ್ರಾ? ಸಾರಿ ಅಣ್ಣ. ನಾವು ಮೈನ್ಸ್‌ಗೆ ಟ್ರ್ಯಾಕಿಂಗ್ ಸಿಸ್ಟಮ್ ಮಾಡ್ತಿದೀವಿ. ಹೆಲ್ಮೆಟ್ ಒಳಗೆ ಟ್ಯಾಗ್ ಇರತ್ತೆ, ಒಳಗಡೆ ಯಾರ್ ಎಲ್ಲಿದಾರೆ ಅಂತ ಸ್ಕ್ರೀನಲ್ಲಿ ಡಾಟ್ ಬರತ್ತೆ. ಬರ್ಬೇಕು. ಆದ್ರೆ ನಮ್ ಟೀಮಲ್ಲಿ ಗಣಿ ಅನ್ನೋದನ್ನ ಕಣ್ಣಲ್ಲಿ ನೋಡಿರೋರು ಒಬ್ರೂ ಇಲ್ಲ."

"ನಮ್ಮನ್ಯಾಗ ಒಬ್ಬರದಾರ್ರಿ," ಎಂದ ಸಿದ್ದಾರೂಢ. ಸ್ಪ್ಯಾನರನ್ನು ಚೀಲಕ್ಕೆ ಹಾಕುತ್ತ, "ಸ್ವಲ್ಪ ಹುಷಾರಲೆ ಮಾತಾಡಸ್ಬೇಕು," ಎಂದು ಸೇರಿಸಿದ.

ರಂಜಿನಿಯ ಮ್ಯಾನೇಜರ್ ಮಧುಕರ್ ಯೆರವಡಾದ ಮನೆಗೆ ತಾನೇ ಬಂದ. ಹುಟ್ಟೂರು ಹಾಸನ, ಪುಣೆಯಲ್ಲಿ ಹದಿನೆಂಟು ವರ್ಷ. ಕನ್ನಡ ಮಾತಾಡುವಾಗ ನಡುನಡುವೆ ಶಬ್ದಕ್ಕಾಗಿ ಜೇಬು ತಡಕುವವನಂತೆ ನಿಲ್ಲುತ್ತಿದ್ದ. ಬೋರ್ಡನ್ನು ಕಂಡದ್ದೇ ಕೈಮುಗಿದ.

"ಅಮ್ಮಾ, ಇದು ಹೆರಿಟೇಜ್. ನಮ್ಮ ರಿಸೆಪ್ಷನ್‌ನಲ್ಲಿ ಇದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಲೈಟ್ ಹಾಕಿ ಇಡ್ತೀವಿ."

"ಗಾಜು ಯಾಕ್ರಿ? ಕೆಲಸಾ ಮಾಡೋ ಸಾಮಾನಿಗೆ ಯಾರರೆ ಗಾಜು ಹಾಕ್ತಾರೇನು? ಗಾಜು ಹೆಣಕ್ಕ ಹಾಕ್ತಾರ."

ನೀತಾ ಅಡುಗೆಮನೆಯಿಂದ, ಒಯ್ಯುತ್ತೇವೆ ಎನ್ನುವವರಿಗೆ ಒಯ್ಯಲು ಬಿಡಬೇಕು ಎಂಬರ್ಥದಲ್ಲಿ ಕೆಮ್ಮಿದಳು. ರುದ್ರವ್ವ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಒಪ್ಪಂದವಾಯಿತು. ಕಂಪನಿ ತನ್ನ ಕಟ್ಟಡದ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಅರ್ಧದಲ್ಲಿ, ತರಬೇತಿಗೆಂದು ಒಂದು ಸುಳ್ಳು ಸುರಂಗ ಕಟ್ಟಿತ್ತು. ಅದರ ಬಾಗಿಲಿಗೆ ಕಿಟಕಿ ಮಾಡಿ ಬೋರ್ಡನ್ನು ಅಲ್ಲಿಟ್ಟು ರುದ್ರವ್ವ ಒಂದು ವಾರ ಕೂರುವುದು. ಮರುವಾರ ಕರ್ನಾಟಕದ ಒಂದು ಗಣಿಯವರು ನೋಡಲು ಬರುವವರಿದ್ದರು. ಆ ದಿನ ಯಂತ್ರವೂ ಎಣಿಸಲಿ, ಬೋರ್ಡೂ ಎಣಿಸಲಿ. ಬೋರ್ಡಿನ ಲೆಕ್ಕ ಸರಿಯಾದರೆ ಅದು ಕಿಟಕಿಯಲ್ಲೇ ಉಳಿಯುವುದು, ರುದ್ರವ್ವನೂ ಉಳಿಯುವಳು. ಒಂದು ತಲೆ ತಪ್ಪಿದರೂ ಗಾಜಿನ ಪೆಟ್ಟಿಗೆ.

"ಒಂದು ತಲಿ," ಎಂದಳು ರುದ್ರವ್ವ. "ಮಾತು ಮಾತಽ."

ಬೋರ್ಡು ಮನೆಯಿಂದ ಹೋದ ಸಂಜೆ ಸಿದ್ದಾರೂಢ ಶಿಳ್ಳೆ ಹಾಕುತ್ತ ಒಳಗೆ ಬಂದ. ಗೋಡೆಯ ಮೇಲೆ ಮೂರು ಮೊಳೆಗಳಿದ್ದವು. ಅವುಗಳಲ್ಲಿ ಎರಡು, ಮೂರು ಮತ್ತು ಒಂಬತ್ತನೆಯ ಬಿಲ್ಲೆಗಳು.

*

ಸುಳ್ಳು ಸುರಂಗವನ್ನು ರುದ್ರವ್ವ ಮೊದಲ ದಿನ ಬೆರಳಿನಿಂದ ಕುಟ್ಟಿ ನೋಡಿದಳು. ಪ್ಲೈವುಡ್ಡಿನ ಮೇಲೆ ಫೈಬರಿನ ಬಂಡೆ. ಒಳಗೆ ಕತ್ತಲೆ, ಕಂಬಿ, ಒಂದು ತಳ್ಳುಬಂಡಿ. ಕೊನೆಯಲ್ಲಿ ಮದ್ದು ಹಾರಿಸುವ ಆಟವೂ ಇತ್ತು: ಗುಂಡಿ ಒತ್ತಿದರೆ ಬಾಗಿಲು ತಾನಾಗಿ ಮುಚ್ಚಿ ಒಳಗೆ ಭಾರೀ ಸದ್ದು, ನೆಲ ನಡುಗುವುದು, ನಾಟಕದ ಕಂಪನಿಯಂತೆ ಹೊಗೆ, ಬಿಳಿಯ ಪುಡಿ. ಸದ್ದು ಮೇಲಿನ ಮಹಡಿಗಳಿಗೆ ಕೇಳದಂತೆ ಗೋಡೆಗಳಿಗೆ ದಪ್ಪ ಹಾಸು ಬಡಿದಿದ್ದರು.

"ಹೆಂಗಿದೆ ಅಮ್ಮಾ?" ಎಂದಳು ರಂಜಿನಿ.

"ಛಲೋ ಅದ. ಗಣಿಯೊಳಗ ಇಷ್ಟು ಕಸ ಹೊಡದಿರಂಗಿಲ್ಲ."

ಆ ವಾರ ಯಂತ್ರಕ್ಕೆ ಗ್ರಹಚಾರ ಸರಿಯಿರಲಿಲ್ಲ. ಸೋಮವಾರ ಒಳಗೆ ಹೋದವರು ಎಂಟು, ಪರದೆಯ ಮೇಲೆ ಒಂಬತ್ತು ಚುಕ್ಕೆ. ಒಂಬತ್ತನೆಯ ಚುಕ್ಕೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು.

"ಇಂವ ಯಾರು ಹಿಂಗ ಓಡ್ಯಾಡೋದು? ಗಣಿಯೊಳಗ ಓಡೋದು ತಪ್ಪು. ಹೊರಗ ಕರೀರಿ," ಎಂದಳು ರುದ್ರವ್ವ.

ಹುಡುಕಿದರೆ, ಆ ಕಟ್ಟಡದಲ್ಲಿ ಚಹಾ ಕೊಡುವ ಕೆಲಸದ ರಂಗೂಬಾಯಿ, ಯೆರವಡಾದ ಪಕ್ಕದ ಮನೆಯವಳು, ಯಾರೋ ಬಿಟ್ಟುಹೋದ ಹೆಲ್ಮೆಟ್ಟನ್ನು ತನ್ನ ಟ್ರಾಲಿಗೆ ಸಿಕ್ಕಿಸಿಕೊಂಡು ಗೋಡೆಯ ಈಚೆಗೆ ಚಹಾ ಹಂಚುತ್ತಿದ್ದಳು. ಅದರಲ್ಲಿ ಬಿಸ್ಕತ್ತು ಚೆನ್ನಾಗಿ ಹಿಡಿಯುತ್ತಿತ್ತಂತೆ. ಬುಧವಾರ ಮಧುಕರ್ ಏಕಕಾಲಕ್ಕೆ ಎರಡು ಕಡೆ ಕಾಣಿಸಿಕೊಂಡ. ಗುರುವಾರ ಒಳಗೆ ಆರು ಜನರಿರುವಾಗ ಪರದೆ ಒಬ್ಬರೂ ಇಲ್ಲವೆಂದಿತು. ಐದು ದಿನವೂ ಬೋರ್ಡು ಸರಿಯಾಗಿತ್ತು. ಶುಕ್ರವಾರದ ಹೊತ್ತಿಗೆ ರಂಜಿನಿ ತನ್ನ ಪರದೆಯಲ್ಲಿ ಏನೇ ಕಂಡರೂ ಮೊದಲು ತಲೆಯೆತ್ತಿ ಕೊಕ್ಕೆಗಳನ್ನು ನೋಡುವುದನ್ನು ಕಲಿತಿದ್ದಳು. ತನ್ನ ಕೈಯಾರೆ ಮಾಡಿದ ಯಂತ್ರವನ್ನು ನಂಬದಿರುವುದು ಇಂಜಿನಿಯರಿಗೆ ಒಳ್ಳೆಯ ಗುಣವೇ. ಆದರೆ ಅವಳು ಅದನ್ನು ತುಸು ಅತಿಯಾಗಿ ಕಲಿತಳು.

ಗಣಿಯವರು ಬರುವ ದಿನಕ್ಕೆ ಒಬ್ಬ ಹಿರಿಯ ಅತಿಥಿ ಬೇಕೆಂದಾಗ ಗೂಳಪ್ಪ ಮೇಸ್ತ್ರಿಯ ಹೆಸರು ಹೇಳಿದವಳು ರುದ್ರವ್ವನೇ. ಎಪ್ಪತ್ತೊಂಬತ್ತರ ಗೂಳಪ್ಪ ಪುಣೆಯ ಹಡಪಸರದಲ್ಲಿ, ಮಗನ ವೆಲ್ಡಿಂಗ್ ಅಂಗಡಿಯ ಮೇಲಿನ ಮನೆಯಲ್ಲಿದ್ದ. ಹದಿನೈದು ವರ್ಷಗಳ ಮೇಲೆ ಭೇಟಿ.

"ಏನ್ ತಂಗಿ, ಇನ್ನಾ ಕಿಟಕ್ಯಾಗ ಇದ್ದೀಯಲ್ಲ," ಎಂದ ಗೂಳಪ್ಪ.

"ಬೀಡಿ ತೆಗೀರಿ ಮೇಸ್ತ್ರಿಯವರ," ಎಂದಳು ರುದ್ರವ್ವ.

ಗೂಳಪ್ಪ ಸಂತೋಷದಿಂದ ಬೀಡಿಯ ಕಟ್ಟನ್ನು ತೆಗೆದು ಕಿಟಕಿಯ ಮೇಲಿಟ್ಟ.

*

ಅಂದು ಒಳಗೆ ಹೋದವರು ಹನ್ನೊಂದು ಮಂದಿ. ಮುಖ್ಯಸ್ಥ ಅಭಿಲಾಷ ಎಂಬ ಸುರಕ್ಷತಾ ಅಧಿಕಾರಿಯೂ ಸೇರಿ ಗಣಿಯವರು ಮೂವರು, ಕೊರಳಲ್ಲಿ ಹಾರದೊಂದಿಗೆ ಗೂಳಪ್ಪ, ಮಧುಕರ್, ಕಂಪನಿಯ ಇತರರು ಆರು. ರಂಜಿನಿ ಹೊರಗೆ ಪರದೆಯ ಮುಂದೆ. ಮಧುಕರ್‌ಗೆ ನಲವತ್ತೇಳನೆಯ ಬಿಲ್ಲೆ ಸಿಕ್ಕಿತು. ಅವನ ಮೊಬೈಲು ಕಿಟಕಿಯ ಒಳಗಿನ ಗೂಡುಗಳಲ್ಲಿ ನಲವತ್ತೇಳನೆಯದಕ್ಕೆ ಹೋಯಿತು.

ಮಧುಕರ್‌ಗೆ ಅಂದು ಊಟಕ್ಕೆ ಮೊದಲು ಕನ್ನಡದಲ್ಲಿ ಭಾಷಣ ಮಾಡುವುದಿತ್ತು. ಹಿಂದಿನ ದಿನವಿಡೀ ಬರೆದು, ರಂಜಿನಿಯಿಂದ ತಿದ್ದಿಸಿ, ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ಸುರಂಗ ನೋಡಿ ಎಲ್ಲರೂ ಹಿಂತಿರುಗುವಾಗ ಅವನಿಗೆ ಅನ್ನಿಸಿತು: ಇಷ್ಟು ನಿಶ್ಶಬ್ದವಾದ ಜಾಗ ಇಡೀ ಪುಣೆಯಲ್ಲಿ ಇನ್ನೊಂದಿಲ್ಲ; ಎರಡೇ ನಿಮಿಷ ಇಲ್ಲಿ ನಿಂತು ಗಟ್ಟಿಯಾಗಿ ಒಮ್ಮೆ ಓದಿಕೊಂಡರಾಯಿತು. ತಡವಾಯಿತೆಂದು ಕಿಟಕಿಯಲ್ಲಿ ಬೈಸಿಕೊಳ್ಳುವುದು ಬೇಡವೆಂದು ಬಿಲ್ಲೆಯನ್ನು ಗೂಳಪ್ಪನ ಕೈಗಿಟ್ಟ. "ಸ್ವಲ್ಪ ಕೊಟ್ಬಿಡಿ ಸರ್, ಹಿಂದೆಯೇ ಬಂದೆ."

ಕಿಟಕಿಗೆ ಎಲ್ಲರಿಗಿಂತ ಕೊನೆಯಲ್ಲಿ ಬಂದ ಗೂಳಪ್ಪ ಎರಡು ಬಿಲ್ಲೆಗಳನ್ನಿಟ್ಟ.

"ತಗೋ ತಂಗಿ. ಒಂದು ನಂದು, ಒಂದು ಆ ಸಾಹೇಬಂದು. ಹಿಂದ ಬರಾಕತ್ಯಾನ."

ರುದ್ರವ್ವ ಬಿಲ್ಲೆಗಳನ್ನು ನೋಡಿದಳು. ಹದಿನಾಲ್ಕು ಜನರಿಗೆ ಏನು ಹೇಳಿದ್ದಳೋ ಅದು ಬಾಯಿಗೆ ಬಂತು. ಆದರೆ ಎದುರಿಗಿದ್ದವನು ಆ ಮಾತನ್ನು ಅವಳಿಗೆ ಕಲಿಸಿದವನು. ಅವನ ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು. ಸುತ್ತ ನಾಲ್ಕು ಜನ ಮೊಬೈಲು ಎತ್ತಿ ಚಿತ್ರ ತೆಗೆಯುತ್ತಿದ್ದರು. ಇಷ್ಟು ಜನರ ಮುಂದೆ, ಕೈಹಿಡಿದು ಅಕ್ಷರ ಕಲಿಸಿದ ಮಾಸ್ತರರಿಗೆ ನಿಮ್ಮ ಅಕ್ಷರ ತಪ್ಪು ಎನ್ನುವುದು ಹೇಗೆ? ಅವಳು ಎರಡನ್ನೂ ತೆಗೆದುಕೊಂಡಳು. ಬೀಡಿಯ ಕಟ್ಟನ್ನು ತಿರುಗಿ ಕೊಟ್ಟಳು. ನಲವತ್ತೇಳನೆಯ ಗೂಡಿನ ಕಡೆ ನೋಡಲೇ ಇಲ್ಲ.

ಅಂದು ಬರಿದಾಗಿದ್ದ ಹನ್ನೊಂದು ಕೊಕ್ಕೆಗಳೂ ತುಂಬಿದವು.

"ಅಮ್ಮಾ, ಒಂದ್ ಡಾಟ್ ತೋರಿಸ್ತಿದೆ," ಎಂದಳು ರಂಜಿನಿ ಪರದೆಯ ಮುಂದಿನಿಂದ. ತಲೆಯೆತ್ತಿ ಬೋರ್ಡನ್ನು ನೋಡಿದಳು. "ಹನ್ನೊಂದೂ ಬಂದಿದೆ ಅಲ್ವಾ? ಸರಿ ಬಿಡಿ, ಇದು ಟ್ರಾಲಿನೇ ಇರ್ಬೇಕು."

ರುದ್ರವ್ವ ಗಂಟೆ ಬಾರಿಸಿದಳು. ರಂಜಿನಿ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು. ಒಳಗಿನ ಸದ್ದು ಹೊರಗಿನವರಿಗೆ ಕೆಮ್ಮಿದಷ್ಟು ಕೇಳಿ, ಕಾಲಡಿಯ ನೆಲ ನಡುಗಿತು. ಗಣಿಯವರು ಚಪ್ಪಾಳೆ ತಟ್ಟಿ, ನಾಲ್ಕನೆಯ ಮಹಡಿಗೆ ಹೋದರು.

ಮೇಲೆ ಮೈಕಿನ ಮುಂದೆ ಮಧುಕರ್ ಇರಲಿಲ್ಲ. ಯಾವುದೋ ಕಾಲ್‌ನಲ್ಲಿರಬೇಕು ಎಂದರು. ಕಾದರು. ಪಲ್ಯ ಆರುತ್ತದೆಂದು ಊಟಕ್ಕೆ ಕುಳಿತರು. ಮುಕ್ಕಾಲು ಗಂಟೆಯಾದ ಮೇಲೆ ರಂಜಿನಿ ಅವನ ನಂಬರಿಗೆ ಕರೆ ಮಾಡಿದಳು.

ಕೆಳಗೆ ರುದ್ರವ್ವ ಕಿಟಕಿಯಲ್ಲೇ ಬುತ್ತಿ ಬಿಚ್ಚಿ ಕುಳಿತಿದ್ದಳು. ಬೋರ್ಡು ಗೆದ್ದಿತ್ತು, ಅದಕ್ಕೆಂದು ಅಂದು ಬುತ್ತಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಬೆನ್ನ ಹಿಂದಿನ ಗೂಡಿನಲ್ಲಿ ಮೊಬೈಲು ಬಡಿದುಕೊಂಡಿತು. ತಿರುಗಿ ನೋಡಿದಳು. ಬಿಲ್ಲೆ ಕೊಟ್ಟವರು ಮೊಬೈಲು ಒಯ್ಯುತ್ತಾರೆ. ಬಿಲ್ಲೆ ಇಲ್ಲಿದೆ. ಮೊಬೈಲೂ ಇಲ್ಲಿದೆ.

ಅವಳು ಹೋಳಿಗೆಯನ್ನು ಬುತ್ತಿಗೆ ಹಾಕಿ, ಮುಚ್ಚಳ ಮುಚ್ಚಿ, ಎದ್ದು ಹೋಗಿ ಸುರಂಗದ ಬಾಗಿಲು ತೆರೆದಳು.

ಮಧುಕರ್ ಬಾಗಿಲಿನ ಹಿಂದೆಯೇ ನಿಂತಿದ್ದ. ತಲೆಯಿಂದ ಬೂಟಿನವರೆಗೆ ಬೆಳ್ಳಗಿದ್ದ, ಗಿರಣಿಯಿಂದ ಎದ್ದು ಬಂದವನಂತೆ. ಕೈಯಲ್ಲಿ ಭಾಷಣದ ಕಾಗದವಿತ್ತು.

"ಸುರಕ್ಷತೆಯೇ ನಮ್ಮ ಉಸಿರು ಅನ್ನೋ ಕಡೆ ಬಂದಿದ್ದೆ," ಎಂದ, ಕಿವಿ ಮಂದವಾದವರು ಮಾತಾಡುವಷ್ಟು ಗಟ್ಟಿಯಾಗಿ. "ಆಗ ಬ್ಲಾಸ್ಟ್ ಆಯ್ತು."

"ಮ್ಯಾಲೆ ನಡೀರಿ."

"ಅಮ್ಮಾ, ಮೊದ್ಲು ಮುಖ ತೊಳ್ಕೊಳ್ತೀನಿ. ಅವ್ರಿಗೆ ಏನೂ ಹೇಳೋದ್ ಬೇಡ. ಆರ್ಡರ್ ಕೈ ತಪ್ಪತ್ತೆ. ಕಾಲ್‌ನಲ್ಲಿದ್ದೆ ಅಂತೀನಿ. ನಿಮ್ ಬೋರ್ಡೂ ಉಳಿಯತ್ತೆ. ಯಾರ್ಗೂ ಗೊತ್ತಾಗಲ್ಲ."

ಇದು ನಿಜ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ರುದ್ರವ್ವ ಅವನ ತೋಳು ಹಿಡಿದಳು.

"ನೀವು ಸತ್ತೀರಿ," ಎಂದಳು ಅವಳು. "ಸತ್ತವರು ಮಾತಾಡಬಾರದು. ನಡೀರಿ."

ಲಿಫ್ಟಿನ ಬಾಗಿಲು ತೆರೆದಾಗ ಊಟದವರು ಕಂಡದ್ದು ಇದು: ಇಳಕಲ್ ಸೀರೆಯ ಮುದುಕಿಯೊಬ್ಬಳು ಬಿಳಿಯ ಮನುಷ್ಯನೊಬ್ಬನ ತೋಳು ಹಿಡಿದು ಬರುತ್ತಿದ್ದಾಳೆ. ಅವಳು ಅವನನ್ನು ಅಭಿಲಾಷನ ಮೇಜಿನ ಮುಂದೆ ನಿಲ್ಲಿಸಿದಳು.

"ಇವರು ಒಳಗಿದ್ರು. ನಾ ಗಂಟಿ ಬಾರಿಸಿದೆ. ಖರೇ ಗಣಿ ಆಗಿದ್ರ ಇವರ ಹೆಣ ಸೈತ ಒಂದಾಗಿ ಸಿಗ್ತಿದ್ದಿಲ್ಲ."

ಅಭಿಲಾಷ ಚಮಚ ಕೆಳಗಿಟ್ಟ. "ಯಾರ ತಪ್ಪು?"

"ಯಂತ್ರದ್ದಲ್ಲ. ಒಬ್ಬರು ಒಳಗದಾರ ಅಂತ ಅದು ಹೇಳಿತ್ತು. ನಮ್ಮ ಹುಡುಗಿ ನನ್ನ ನಂಬಿ ಅದನ್ನ ನಂಬಲಿಲ್ಲ. ಬೋರ್ಡಿಂದೂ ಅಲ್ಲ. ಅದು ಹಾಕಿದ್ದನ್ನ ಹಿಡಕೋತದ. ಕಿಟಕ್ಯಾಗ ಕುಂತಾಕಿದು. ಇನ್ನೊಬ್ಬರ ಕೈಲೆ ಬಂದ ಬಿಲ್ಲೆ ತಗೊಂಡೆ."

"ಯಾರ ಕೈಯಿಂದ?"

ಪಕ್ಕದ ಮೇಜಿನಲ್ಲಿ ಗೂಳಪ್ಪ ಶ್ರೀಖಂಡದ ಬಟ್ಟಲನ್ನು ಕೆಳಗಿಟ್ಟು, ಕೊರಳಿನ ಹಾರ ತೆಗೆದು ಅದರ ಪಕ್ಕ ಇಟ್ಟ.

"ನಾ ಕೊಟ್ಟೆ. ನಾ ತಂದ್ರೂ ತಗೋಬ್ಯಾಡ ಅಂತ ನಾನಽ ಹೇಳಿದ್ದೆ."

"ಹೇಳಿದ್ರಿ."

"ಹಂಗಾರ ಮೂರ ದಿನ."

"ಮೂರ ದಿನ," ಎಂದಳು ರುದ್ರವ್ವ. ಆಮೇಲೆ ಮಧುಕರ್ ಕಡೆ ತಿರುಗಿದಳು. "ಗಾಜಿನ ಪೆಟ್ಟಿಗಿ ಮಾಡಸ್ರಿ. ಜಾಗ ಇದ್ರ ನನ್ನನ್ನೂ ಅದರಾಗ ಇಡ್ರಿ."

*

ವಿಮಾನ ನಗರದ ಆ ಕಟ್ಟಡದ ಗೇಟಿನ ಹೊರಗೆ ಕಲ್ಲಿನ ಬೆಂಚಿರಲಿಲ್ಲ. ಸೆಕ್ಯುರಿಟಿಯವನ ಕಬ್ಬಿಣದ ಬೆಂಚಿತ್ತು. ಮರುದಿನ ಬೆಳಗ್ಗೆ ಎಂಟಕ್ಕೆ ಅದರ ಒಂದು ತುದಿಗೆ ರುದ್ರವ್ವ ಬಂದು ಕುಳಿತಳು. ಎಂಟೂ ಹತ್ತಕ್ಕೆ ಹಡಪಸರದಿಂದ ಬಸ್ಸು ಬದಲಿಸಿ ಬಂದ ಗೂಳಪ್ಪ ಇನ್ನೊಂದು ತುದಿಗೆ ಕುಳಿತ. ನಡುವೆ ಇಬ್ಬರ ಬುತ್ತಿ.

"ಹತ್ತ ಮಿನಿಟ ತಡಾ ಆತು ನಿಮಗ," ಎಂದಳು ರುದ್ರವ್ವ.

"ಸಂಜೀಕ ಹತ್ತ ಮಿನಿಟ ಹೆಚ್ಚಿಗಿ ಕೂಡ್ತೀನಿ."

ಸೆಕ್ಯುರಿಟಿಯವನು ಮೊದಲ ದಿನ ಮರ್ಯಾದೆಯಿಂದ, "ಆಜೀ, ಆತ್ ಬಸಾ ನಾ, ಏಸಿ ಆಹೇ," ಎಂದು ಏಸಿಯ ತಂಪಿನಲ್ಲಿ ಕೂರಲು ಒಳಗೆ ಕರೆದ. "ಶಿಕ್ಷಾ ಆಹೇ, ಬಾಳಾ," ಎಂದಳು ರುದ್ರವ್ವ. ಯಾವ ನ್ಯಾಯಾಲಯ ವಿಧಿಸಿದ ಶಿಕ್ಷೆಯೋ ತಿಳಿಯದೆ ಅವನು ತನ್ನ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡ. ರಂಗೂಬಾಯಿ ಚಹಾದ ಟ್ರಾಲಿಯನ್ನು ಗೇಟಿನವರೆಗೆ ತಂದಳು. ಶಿಕ್ಷೆಯಲ್ಲಿ ಚಹಾ ನಡೆಯುತ್ತದೆಯೇ ಎಂಬ ಬಗ್ಗೆ ಇಬ್ಬರೂ ಅರ್ಧ ಗಂಟೆ ಚರ್ಚಿಸಿದರು. ಕೆಂಪಗುಡ್ಡದಲ್ಲಿ ನಡೆಯುತ್ತಿರಲಿಲ್ಲ. ಆದರೆ ಅಲ್ಲಿ ಯಾರೂ ತಂದುಕೊಟ್ಟಿರಲಿಲ್ಲ ಎಂಬುದನ್ನು ಗೂಳಪ್ಪ ಎತ್ತಿ ತೋರಿಸಿದ. ಅಷ್ಟರಲ್ಲಿ ಚಹಾ ಆರಿತು. ಆರಿದ ಚಹಾ ಕುಡಿಯುವುದೂ ಒಂದು ಶಿಕ್ಷೆಯೇ ಎಂದು ಕುಡಿದರು.

ಸಿದ್ದಾರೂಢ ಸ್ಕೂಟರ್ ನಿಲ್ಲಿಸಿ, "ಅತ್ತಿ, ಓಣ್ಯಾಗ ಕೇಳಾಕತ್ಯಾರ. ಏನ್ ಹೇಳಲಿ?" ಎಂದ.

"ಎಣಿಕಿ ತಪ್ಪಿದಳು ಅಂತ ಹೇಳ್ರಿ."

"ಅದೊಂದು ಬಿಟ್ಟು ಏನರೆ?"

"ಅದೊಂದಽ ಅದ."

ಎರಡನೆಯ ದಿನ ರಂಜಿನಿ ಲ್ಯಾಪ್‌ಟಾಪು ತೆಗೆದುಕೊಂಡು ಬಂದು ಬುತ್ತಿಗಳನ್ನು ಸರಿಸಿ ನಡುವೆ ಕುಳಿತಳು. ಅವಳ ಮುಖ ಬಾಡಿತ್ತು. ಸರಿಯಾಗಿ ಹೇಳಿದ ಯಂತ್ರವನ್ನು ತಾನೇ ಸುಮ್ಮನಾಗಿಸಿದ್ದು ಅವಳಿಗೆ ನಿದ್ದೆ ಕೊಟ್ಟಿರಲಿಲ್ಲ.

"ಅಮ್ಮಾ, ಆ ಹದಿನಾಲ್ಕ್ ಜನ ಹೆಂಗ್ ಹೆಂಗೆ ಮೋಸ ಮಾಡಿದ್ರು ಹೇಳಿ."

ರುದ್ರವ್ವ ಹೇಳಿದಳು. ಒಬ್ಬನು ತನ್ನ ಗೆಳೆಯನ ಬಿಲ್ಲೆಯನ್ನೂ ಒಯ್ದು, ಗೆಳೆಯ ಮದುವೆಗೆ ಹೋಗಿದ್ದರೂ ಅವನ ಹಾಜರಿ ಹಾಕಿಸಿದ್ದ. ಒಬ್ಬ ಬಿಲ್ಲೆಯನ್ನು ಊಟದ ಡಬ್ಬಿಯಲ್ಲಿಟ್ಟು ಡಬ್ಬಿಯನ್ನಷ್ಟೇ ಮೇಲೆ ಕಳಿಸಿದ್ದ. ಜಟ್ಟೆಪ್ಪ ಎಂಬವನು ಸಾಬೂನಿನಲ್ಲಿ ಅಚ್ಚು ತೆಗೆದು ಎರಡನೆಯ ಬಿಲ್ಲೆ ಎರಕ ಹೊಯ್ದಿದ್ದ. ಅವನ ಕೈಚಳಕಕ್ಕೆ ಗೂಳಪ್ಪನಿಗೆ ಇಂದಿಗೂ ಗೌರವ. ರಂಜಿನಿ ಎಲ್ಲವನ್ನೂ ಟೈಪು ಮಾಡಿಕೊಂಡಳು. ಒಬ್ಬನ ಹೆಲ್ಮೆಟ್ಟಿಗೆ ಇನ್ನೊಬ್ಬನ ಟ್ಯಾಗು ಸಿಕ್ಕಿಸಿದರೂ ಇದೇ ಕಥೆಯಲ್ಲವೇ ಎಂದು ಅವಳಿಗೆ ಆರನೆಯ ಮೋಸದ ಹೊತ್ತಿಗೆ ಹೊಳೆಯಿತು. ಸಂಜೆಯೊಳಗೆ ಅವಳ ಯಂತ್ರಕ್ಕೆ ಹೊಸ ನಿಯಮ ಬಂತು: ಎರಡು ಟ್ಯಾಗು ಒಂದೇ ಹೆಜ್ಜೆಯಲ್ಲಿ ನಡೆದರೆ ಅದು ಕೂಗಬೇಕು, ಕೂಗು ನಿಲ್ಲಿಸಬೇಕಾದರೆ ಒಬ್ಬರು ಎದ್ದು ಹೋಗಿ ಕಣ್ಣಾರೆ ನೋಡಿ ಬರಬೇಕು, ಕುಳಿತಲ್ಲಿಂದ ಆಗದು.

"ಇದನ್ನ ಮೊದಲಽ ಮಾಡಬೇಕಿತ್ತು," ಎಂದಳು ರುದ್ರವ್ವ. ಅವಳ ಬಾಯಲ್ಲಿ ಇದು ಹೊಗಳಿಕೆ.

ಮೂರನೆಯ ದಿನ ಗಾಜಿನ ಪೆಟ್ಟಿಗೆ ಬಂತು. ನಾಲ್ವರು ಟೆಂಪೋದಿಂದ ಇಳಿಸಿ, ಬೆಂಚಿನ ಮುಂದೆಯೇ ಹೊತ್ತುಕೊಂಡು ಹೋದರು. ಗೂಳಪ್ಪ ಬೇರೆ ಕಡೆ ನೋಡಿದ. ರುದ್ರವ್ವ ನೋಡಿಯೇ ನೋಡಿದಳು. ಬಾಗಿಲಿನ ತಿರುಗಣಿ ಒಂದು ಕಡೆ ಸಡಿಲವಿದೆಯೆಂದು ಹೊತ್ತವರಿಗೆ ಮರಾಠಿಯಲ್ಲಿ ಹೇಳಿದಳು. ಅದೇ ಮಧ್ಯಾಹ್ನ ಅಭಿಲಾಷನಿಂದ ಉತ್ತರವೂ ಬಂತು. ಯಂತ್ರ ಬೇಕು, ಆದರೆ ಜೊತೆಗೆ ಒಂದು ಕಿಟಕಿಯೂ ಬೇಕು; ಕಿಟಕಿಯಲ್ಲಿ ಕೂರುವವರಿಗೆ ಆ ಅಮ್ಮನೇ ಪಾಠ ಹೇಳಬೇಕು; ತಪ್ಪು ಮಾಡಿ ಒಪ್ಪಿಕೊಂಡವರಿಗಿಂತ ಚೆನ್ನಾಗಿ ಆ ಪಾಠ ಹೇಳುವವರು ತನಗೆ ಗೊತ್ತಿಲ್ಲ ಎಂದು ಬರೆದಿದ್ದ. ರಂಜಿನಿ ಇದನ್ನು ಓದಿ ಹೇಳಿದಾಗ ರುದ್ರವ್ವ, ಇನ್ನೂ ಎರಡೂವರೆ ತಾಸು ಇದೆ, ಮಾತಾಡಿಸಬೇಡ ಎಂದಳು.

*

ನಾಲ್ಕನೆಯ ದಿನ ಅವಳು ಹುಣಸೆಹಣ್ಣು ತಂದು ಇನ್ನೂರ ಹನ್ನೆರಡು ಬಿಲ್ಲೆಗಳನ್ನೂ ತಿಕ್ಕಿ ತೊಳೆದಳು. ಮನೆಯ ಮೂರನ್ನು ಬೆಳಗ್ಗೆಯೇ ಕಿತ್ತು ತಂದಿದ್ದಳು. ಒಪ್ಪಂದ ಪೂರ್ತಿ ಬೋರ್ಡಿನದು. ಬೋರ್ಡನ್ನು ರಿಸೆಪ್ಷನ್‌ಗೆ ಹೊರಿಸಿ, ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಬಿಲ್ಲೆಗಳನ್ನು ಒಂದೊಂದಾಗಿ ಎಣಿಸಿ ಕೊಕ್ಕೆಗೆ ಹಾಕಿದಳು. ಮಧುಕರ್, ರಂಜಿನಿ, ಗೂಳಪ್ಪ ನೋಡುತ್ತ ನಿಂತಿದ್ದರು. ಹೊಸ ಕೀಲಿಕೈ ಮಧುಕರ್‌ನ ಕೈಯಲ್ಲಿತ್ತು.

ನಲವತ್ತೇಳಕ್ಕೆ ಬಂದು ಅವಳ ಕೈ ನಿಂತಿತು.

"ಇದು ಬಂದಿಲ್ಲ."

"ನಿಮ್ ಕೈಯಲ್ಲೇ ಇದೆಯಲ್ಲಮ್ಮಾ," ಎಂದ ಮಧುಕರ್.

"ಗೂಳಪ್ಪನವರ ಕೈಲೆ ಬಂದದ. ಅದು ಬಿಲ್ಲೆ ಅಲ್ಲ, ಹಿತ್ತಾಳಿ." ಅವಳು ಅದನ್ನು ಮಧುಕರ್‌ನ ಅಂಗೈಯಲ್ಲಿಟ್ಟಳು. "ನಿಮ್ಮ ಕೈಲೆ ಕೊಡ್ರಿ. ಶಿಫ್ಟು ಮುಗೀತದ. ಆಮ್ಯಾಲ ಬಾಗಿಲಾ ಹಾಕ್ರಿ. ಶಿಫ್ಟು ಮುಗೀಲಾರದ ಬೋರ್ಡು ಒಳಗ ಇಡಾಕ ಬರಂಗಿಲ್ಲ."

ಅವಳು ಕೈಚಾಚಿದಳು. ಇದರಲ್ಲಿ ಯಾವ ಯುಕ್ತಿಯೂ ಇರಲಿಲ್ಲ. ಅವಳಿಗೆ ಯುಕ್ತಿ ತಿಳಿಯದು. ಕೊಟ್ಟರೆ ತೆಗೆದುಕೊಂಡು ಕೊಕ್ಕೆಗೆ ಹಾಕಿ ಮನೆಗೆ ಹೋಗುವವಳೇ.

ಮಧುಕರ್ ಅಂಗೈಯಲ್ಲಿದ್ದ ಹಿತ್ತಾಳೆಯ ತುಂಡನ್ನು ನೋಡಿದ. ಮುಕ್ಕಾಲು ಗಂಟೆ ಕತ್ತಲೆಯಲ್ಲಿ ಬಾಗಿಲು ಬಡಿಯುತ್ತ ನಿಂತಿದ್ದಾಗ ಅವನ ತಲೆಯಲ್ಲಿದ್ದದ್ದು ಒಂದೇ ವಿಚಾರ: ಬಿಲ್ಲೆಯನ್ನು ಕೈಬಿಡಬಾರದಿತ್ತು. ಆ ವಿಚಾರ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಅವನು ಬಿಲ್ಲೆಯನ್ನು ಜೇಬಿಗೆ ಹಾಕಿ ಜೇಬಿನ ಗುಂಡಿ ಹಾಕಿಕೊಂಡ.

"ಆಮೇಲೆ ಕೊಡ್ತೀನಮ್ಮಾ. ಈಗ ಮೀಟಿಂಗ್ ಇದೆ."

ರಂಜಿನಿ ಅವನ ಕ್ಯಾಲೆಂಡರು ನೋಡಬಲ್ಲವಳು. ಮೀಟಿಂಗ್ ಇರಲಿಲ್ಲ.

ಬೋರ್ಡು ಮತ್ತೆ ನೆಲಮಾಳಿಗೆಯ ಕಿಟಕಿಗೆ ಇಳಿಯಿತು, ಶಿಫ್ಟು ಮುಗಿಯುವವರೆಗೆ ಮಾತ್ರ ಎಂಬ ಕರಾರಿನ ಮೇಲೆ. ಬಿಲ್ಲೆ ಹೊರಗಿರುವಾಗ ಕಿಟಕಿಯವಳು ಮನೆಗೆ ಹೋಗುವಂತಿಲ್ಲ. ಆದರೆ ಮನುಷ್ಯನನ್ನು ನೆಲದ ಮೇಲೆ ಕಣ್ಣಾರೆ ಕಂಡರೆ ಕಿಟಕಿಯ ಪಕ್ಕದ ಕರಿಹಲಗೆಯ ಮೇಲೆ ಹಾಗೆಂದು ಬರೆದು ಹೋಗಬಹುದೆಂದು ಗೂಳಪ್ಪ ಹಳೆಯ ನಿಯಮವೊಂದನ್ನು ನೆನಪಿಸಿದ. ಅದು ನಿಜವಾಗಿ ಇತ್ತೋ, ಅವನು ಅಲ್ಲೇ ನೆನಪಿಸಿಕೊಂಡನೋ ಹೇಳುವುದು ಕಷ್ಟ. ಹೀಗಾಗಿ ದಿನವೂ ಸಂಜೆ ಆರಕ್ಕೆ ಮಧುಕರ್ ಕಿಟಕಿಯ ಮುಂದೆ ಬಂದು ನಿಲ್ಲುತ್ತಾನೆ.

"ಬಿಲ್ಲೆ?"

"ಮರ್ತ್ ಬಂದಿದೀನಿ ಅಮ್ಮಾ."

"ನಾಳಿ ತರ್ರಿ," ಎಂದು ರುದ್ರವ್ವ ಕರಿಹಲಗೆಯ ಮೇಲೆ ಬರೆಯುತ್ತಾಳೆ: ನಲವತ್ತೇಳು, ಹೊರಗ ಕಂಡೆ, ಬಿಲ್ಲೆ ಬಾಕಿ. ಒಂದು ಸಂಜೆ ಹಿಂಜವಾಡಿಯಲ್ಲಿ ಕೆಲಸವಿದ್ದ ಮಧುಕರ್ ವಿಡಿಯೋ ಕಾಲ್ ಮಾಡಿ ಮುಖ ತೋರಿಸಿದ. ಚಿತ್ರಕ್ಕೆ ತಾನು ಬಿಲ್ಲೆ ಕೊಟ್ಟಿಲ್ಲವೆಂದು ಅವಳು ಫೋನನ್ನು ರಂಜಿನಿಯ ಕೈಗೆ ತಿರುಗಿ ಕೊಟ್ಟಳು. ಎರಡು ತಾಸು ಟ್ರಾಫಿಕ್ಕಿನಲ್ಲಿ ಬಂದು ಅವನು ಕಾಣಿಸಿಕೊಂಡು ಹೋದ.

ರಿಸೆಪ್ಷನ್‌ನ ಗಾಜಿನ ಪೆಟ್ಟಿಗೆಯಲ್ಲಿ ಈಗ ರಂಗೂಬಾಯಿಯ ಬಿಸ್ಕತ್ತಿನ ಹೆಲ್ಮೆಟ್ಟು ಇದೆ. ಮಧುಕರ್ ಈ ವರ್ಷ ಇನ್ನೂ ರಜೆ ಹಾಕಿಲ್ಲ.